ಮೂಳೆ ಎನ್ನಲು ನಾಚಿಕೆ ಏಕೆ?

ಕಣ್ಣು, ಕಿಡ್ನಿ, ಹೃದಯ. ಅಂಗದಾನದ ಬಗ್ಗೆ ಕನ್ನಡದಲ್ಲಿ ನಡೆಯುವ ಯಾವ ಭಾಷಣವನ್ನಾದರೂ ಕೇಳಿ, ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಮೂಳೆಯ ಮಾತು ಬರುವುದಿಲ್ಲ. ಮೂಳೆಯ ತುದಿಗೆ ಅಂಟಿಕೊಂಡಿರುವ ಮೃದ್ವಸ್ಥಿಯನ್ನಂತೂ ಕೇಳುವವರೇ ಇಲ್ಲ. ಇವೆರಡನ್ನೂ ಸೇರಿಸಿ ‘ಅಂಗಾಂಶ’ ಎಂಬ ಮೂಟೆಯೊಳಗೆ ಕಟ್ಟಿ ಮೂಲೆಗೆ ಇಟ್ಟಿದ್ದೇವೆ. ನನ್ನ ತಕರಾರು ಈ ಪದದ ಮೇಲೆ. ಜೀವಶಾಸ್ತ್ರದ ಪಠ್ಯದಲ್ಲಿ ಅದು ಸರಿಯಾದ ಪದವೇ. ಆಸ್ಪತ್ರೆಯ ಕಾರಿಡಾರಿನಲ್ಲಿ, ಈಗಷ್ಟೇ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅದು ಏನನ್ನೂ ಹೇಳುವುದಿಲ್ಲ.

ಇದರಿಂದ ಆಗುವ ನಷ್ಟ ಏನೆಂದು ತಿಳಿಯಲು ಮಂಡಿಯೊಳಗೆ ನೋಡಬೇಕು. ತೊಡೆಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ ಬಿಳಿ ಹೊದಿಕೆ ಇದೆ. ಅದರಲ್ಲಿ ನರವಿಲ್ಲ, ರಕ್ತನಾಳವಿಲ್ಲ. ರಕ್ತ ಹರಿಯದ ಕಡೆ ಗಾಯ ಮಾಯುವುದಿಲ್ಲ. ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗದು ಎಂದು ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಬೈಕಿನಿಂದ ಬಿದ್ದ 25ರ ಹುಡುಗನ ಮಂಡಿಯಲ್ಲಿ ನಾಣ್ಯದಗಲ ಹೊದಿಕೆ ಕಿತ್ತುಹೋದರೆ ಅವನಿಗೆ ಲೋಹದ ಮಂಡಿ ಹಾಕಲು ಯಾವ ವೈದ್ಯರಿಗೂ ಮನಸ್ಸಾಗದು. ಅದು ಸವೆಯುತ್ತದೆ, ಮತ್ತೆ ಬದಲಿಸಬೇಕಾಗುತ್ತದೆ. ಇಂಥವರಿಗಿರುವ ದಾರಿಗಳಲ್ಲಿ ಒಂದು, ಸತ್ತ ದಾನಿಯ ಮಂಡಿಯಿಂದ ಅದೇ ಅಳತೆಯ ಮೂಳೆ ಮತ್ತು ಮೃದ್ವಸ್ಥಿಯ ಬಿಲ್ಲೆಯನ್ನು ಕೊರೆದು ತಂದು ಕೂರಿಸುವುದು. ಟೊರಾಂಟೊದ ಅಲನ್ ಗ್ರಾಸ್ ಮತ್ತು ಸಂಗಡಿಗರು 1972ರಿಂದಲೇ ಇದನ್ನು ಮಾಡಿದ್ದಾರೆ. ಮೃದ್ವಸ್ಥಿಯ ಜೀವಕೋಶಗಳು ತಮ್ಮ ಸುತ್ತಲಿನ ಗಟ್ಟಿ ಪದಾರ್ಥದೊಳಗೆ ಹುದುಗಿರುವುದರಿಂದ ದೇಹದ ರಕ್ಷಣಾ ವ್ಯವಸ್ಥೆ ಅವುಗಳ ಮೇಲೆ ಅಷ್ಟಾಗಿ ಮುಗಿಬೀಳುವುದಿಲ್ಲ. ಕಿಡ್ನಿ ಪಡೆದವರಂತೆ ಜೀವನವಿಡೀ ಮಾತ್ರೆ ನುಂಗಬೇಕಿಲ್ಲ.

ಇದು ಪವಾಡವೇನಲ್ಲ. ವಯಸ್ಸಿನಿಂದ ಇಡೀ ಮಂಡಿ ಸವೆದವರಿಗೆ ಇದು ಆಗಿಬರುವುದಿಲ್ಲ. ಮಾಡಿಸಿಕೊಂಡವರಲ್ಲೂ ಸಾಕಷ್ಟು ಜನ ಮತ್ತೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾಗುತ್ತದೆ. ಆದರೂ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಕಸಿಗಳು ಹತ್ತು ವರ್ಷ ಕಳೆದ ಮೇಲೂ ಉಳಿದಿರುತ್ತವೆ. ಯೌವನದ ಹತ್ತು ವರ್ಷ ಸಣ್ಣದಲ್ಲ.

ತೊಡಕಿರುವುದು ಪೂರೈಕೆಯಲ್ಲಿ. ಮೃದ್ವಸ್ಥಿಯ ಕೋಶಗಳು ಬದುಕಿರಬೇಕೆಂದರೆ ಅದನ್ನು ಹೆಪ್ಪುಗಟ್ಟಿಸುವಂತಿಲ್ಲ. 4 ಡಿಗ್ರಿಯಲ್ಲಿ, ಪೋಷಕ ದ್ರವದಲ್ಲಿ ಇಟ್ಟು, ಸೋಂಕಿನ ಪರೀಕ್ಷೆ ಮುಗಿಸಿ, ಸುಮಾರು 4 ವಾರದೊಳಗೆ ಬಳಸಬೇಕು. ಅಳತೆಯೂ ಹೊಂದಬೇಕು. ಅಂದರೆ ದಾನಿಗಳು ಹೆಚ್ಚಿರಬೇಕು, ಹತ್ತಿರ ಇರಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಬ್ಯಾಂಕ್ 1988ರಿಂದ ಇದೆ. ಅಲ್ಲಿ ಒಣಗಿಸಿ, ಗಾಮಾ ಕಿರಣದಿಂದ ಶುದ್ಧಗೊಳಿಸಿದ ಮೂಳೆ ಎಷ್ಟೋ ಜನರ ಕೈಕಾಲು ಉಳಿಸಲು ನೆರವಾಗಿದೆ. ಆದರೆ ಒಣಗಿದ ಮೂಳೆ ಖಾಲಿ ಜಾಗ ತುಂಬೀತು, ಜೀವಂತ ಮೃದ್ವಸ್ಥಿಯ ಕೆಲಸ ಮಾಡದು.

ಈಗ ಕಾನೂನು ನೋಡಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿ ಅಂಗಾಂಶವನ್ನು ಸೇರಿಸಿತು. 2014ರ ನಿಯಮಗಳ ವಾಗ್ದಾನದ ನಮೂನೆಯಲ್ಲಿ ಮೂಳೆಗೆ ಹೆಸರಿದೆ. ಮೃದ್ವಸ್ಥಿ ‘ಇತರೆ’ಯ ಪಾಲು. ಕಿಡ್ನಿ, ಹೃದಯ ಕೊಡಲು ಸಾಮಾನ್ಯವಾಗಿ ಮಿದುಳು ನಿಷ್ಕ್ರಿಯವಾಗಿ, ವೆಂಟಿಲೇಟರ್ ಮೇಲೆ ಸತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರು ಹಾಗೆ ಸಾಯುವುದಿಲ್ಲ. ಮೂಳೆಯನ್ನಾದರೋ ಹೃದಯ ನಿಂತ ಮೇಲೂ, ದೇಹವನ್ನು ತಣ್ಣಗೆ ಇಟ್ಟಿದ್ದರೆ, ಒಂದು ದಿನದೊಳಗೆ ತೆಗೆಯಬಹುದು. ಎಲ್ಲರ ಕೈಗೆಟಕುವ ದಾನವನ್ನೇ ನಾವು ಹೆಸರಿಲ್ಲದೆ ಇಟ್ಟಿದ್ದೇವೆ.

‘ಮೂಳೆ ಎಂದರೆ ಜನ ಹೆದರುತ್ತಾರೆ’ ಎನ್ನುವವರಿದ್ದಾರೆ. ಕಣ್ಣಿಗೆ ಹೆದರಲಿಲ್ಲವೇ? 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ಹೋದಾಗ ಕಣ್ಣು ಕೊಟ್ಟರು ಎಂಬ ನೇರ ಮಾತೇ ಸಾವಿರಾರು ಜನರನ್ನು ನೋಂದಣಿಗೆ ಎಳೆದು ತಂದಿತು. ಕಾರ್ನಿಯಾ ಕೂಡ ಅಂಗಾಂಶವೇ. ‘ಅಂಗಾಂಶದಾನ ಮಾಡಿದರು’ ಎಂದು ಯಾರೂ ಹೇಳಲಿಲ್ಲ, ಪುಣ್ಯಕ್ಕೆ. ಮೂಳೆ ತೆಗೆದ ಮೇಲೆ ಬದಲಿ ಇಟ್ಟು, ಹೊಲಿದು, ಕೈಕಾಲಿನ ಆಕಾರ ಉಳಿಸಿ ದೇಹ ಒಪ್ಪಿಸುತ್ತಾರೆ. ಪಶ್ಚಿಮವಾಹಿನಿಗೆ ಒಯ್ಯಲು ಅಸ್ಥಿಗೂ ಕೊರತೆಯಾಗುವುದಿಲ್ಲ. ಇಷ್ಟನ್ನು ಹೇಳುವ ಬದಲು ವೇದಿಕೆಯ ಮೇಲೆ ದಧೀಚಿಯನ್ನು ಕರೆಸುತ್ತೇವೆ. ದಧೀಚಿ ಇಂದ್ರನ ಆಯುಧಕ್ಕಾಗಿ ಬದುಕಿದ್ದಾಗಲೇ ಪ್ರಾಣ ಬಿಟ್ಟ ಋಷಿ. ಋಷಿಯಾಗಬೇಕೆಂದರೆ ಯಾರು ಮುಂದೆ ಬಂದಾರು? ಇಲ್ಲಿ ಬೇಕಿರುವುದು ಒಂದು ಸಹಿ.

ಪಡೆಯುವವರಿಗೂ ಇದೇ ಮುಚ್ಚುಮರೆ. ರೋಗಿಗಳ ಕೈಪಿಡಿಯೊಂದರ ಅನುವಾದದಲ್ಲಿ ನಾನು ‘ಮೃತ ದಾನಿಯ ಮೂಳೆ’ ಎಂದು ಬರೆದಿದ್ದೆ. ಕೆಲಸ ಕೊಟ್ಟವರು ಅದನ್ನು ‘ನೈಸರ್ಗಿಕ ಕಸಿ ಸಾಮಗ್ರಿ’ ಎಂದು ತಿದ್ದಿ ಕಳಿಸಿದರು, ಓದಲು ಹಿತವಾಗಿರಲಿ ಎಂದು. ತನ್ನ ಮಂಡಿಯೊಳಗೆ ಏನು ಕೂರುತ್ತದೆ ಎಂದು ತಿಳಿಯದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಯಾರದೋ ಮನೆಯವರು ದುಃಖದ ನಡುವೆ ‘ಆಗಲಿ’ ಎಂದದ್ದನ್ನು ಸಾಮಗ್ರಿ ಎಂದು ಕರೆಯುವುದು ಕೃತಘ್ನತೆ ಕೂಡ.

ಊರು ಬಿಟ್ಟ ನಮಗೆ ಇದು ಇನ್ನೂ ಹತ್ತಿರದ ವಿಷಯ. ನೋಂದಣಿಯನ್ನು ನೀವು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಮಾಡಿರಬಹುದು. ಕಾರ್ಡ್ ಏನೇ ಹೇಳಲಿ, ವ್ಯವಹಾರದಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ಪುಣೆಯಲ್ಲಿ ಮರಾಠಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ ಬರುವ ಆ ಪ್ರಶ್ನೆಗೆ ಕನ್ನಡ ಮಾತ್ರ ಬಲ್ಲ ನಿಮ್ಮ ಅಮ್ಮ ಉತ್ತರಿಸಬೇಕಾಗಬಹುದು. ಆದ್ದರಿಂದ ಇವತ್ತೇ, ಊಟದ ಹೊತ್ತಿನಲ್ಲಾದರೂ ಸರಿ, ಮನೆಮಾತಿನಲ್ಲಿ ಹೇಳಿಬಿಡಿ: ನನ್ನ ಕಣ್ಣು ಕೊಡಿ, ಮೂಳೆ ಕೊಡಿ, ಮಂಡಿಯ ಮೃದ್ವಸ್ಥಿಯನ್ನೂ ಕೊಡಿ. ‘ಅಂಗಾಂಶ’ವನ್ನು ನಮೂನೆಗೆ ಬಿಡಿ.