ಲಾರಿಗೆ ಸಾಲ ಸುಲಭ, ಬಾಡಿಗೆ ವಸೂಲಿ ಕಷ್ಟ

ಓದು ಮುಗಿಸಿ, ಕೆಲಸಕ್ಕೆ ಅಲೆದು ಬೇಸತ್ತ ಹುಡುಗರು ಗೂಡ್ಸ್ ಗಾಡಿ ಇಳಿಸುವ ಯೋಚನೆ ಮಾಡುವುದು ಈಗ ಊರೂರಲ್ಲೂ ಇದೆ. ಆ ದಾರಿಯ ತೊಡಕುಗಳೂ ಒಂದೊಂದಾಗಿ ಕಡಿಮೆಯಾಗಿವೆ. ಶೋರೂಮಿನಲ್ಲೇ ಫೈನಾನ್ಸ್‌ನವರು ಕುಳಿತಿರುತ್ತಾರೆ. ಮುದ್ರಾ ಸಾಲವಿದೆ. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ರಾಜ್ಯದ ಅಭಿವೃದ್ಧಿ ನಿಗಮಗಳು ಗಾಡಿ ಖರೀದಿಗೆ ಸಹಾಯಧನ ಕೊಡುತ್ತವೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನ ಓಡಿಸಲು ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಇಷ್ಟೆಲ್ಲ ಇದ್ದೂ ಸಾಲ ತೀರುವ ಮೊದಲೇ ಗಾಡಿಯನ್ನು ಫೈನಾನ್ಸ್ ಯಾರ್ಡ್‌ಗೆ ಒಪ್ಪಿಸಿ ಬರಿಗೈಲಿ ಬರುವವರಿದ್ದಾರೆ. ಅವರನ್ನು ಸೋಮಾರಿಗಳೆಂದು ಜರೆಯುವುದು ಅನ್ಯಾಯ.

ಒಂದು ಟ್ರಿಪ್ಪಿನ ಲೆಕ್ಕ ಬಿಡಿಸಿ ನೋಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿ.ಮೀ.ಗೂ ಹೆಚ್ಚು. ಬುಕಿಂಗ್ ಆಫೀಸಿನಲ್ಲಿ ಅಡ್ವಾನ್ಸ್ ಎಣಿಸಿ ಕೊಡುವಾಗಲೇ ಕಮಿಷನ್ ಮುರಿದುಕೊಂಡಿರುತ್ತಾರೆ. ಮಿಕ್ಕಿದ್ದು ಡೀಸೆಲ್, ಟೋಲ್, ಡ್ರೈವರ್ ಬಾಟಾಕ್ಕೆ ಸರಿಹೋಯಿತು. ಗೋದಾಮಿನ ಗೇಟಿನಲ್ಲಿ ಸರದಿ, ಆಮೇಲೆ ಹಮಾಲರಿಗಾಗಿ ಕಾಯುವಿಕೆ. ಹಗಲೆಲ್ಲ ನಿಂತರೂ ಹಾಲ್ಟಿಂಗ್ ದುಡ್ಡು ಕೊಡುವವರು ಕಡಿಮೆ. ಮಾಲು ಇಳಿದು, ರಸೀದಿಗೆ ಸೀಲು ಬಿದ್ದು, ಆ ಕಾಗದ ಸಾಗಣೆ ಕಂಪನಿ ಸೇರಿದ ಮೇಲೆ ಬ್ಯಾಲೆನ್ಸ್ ಮಾತು. ತರಕಾರಿ ಮಂಡಿಯಲ್ಲಿ ಅದು ಬೇಗ ಕೈಗೆ ಬರಬಹುದು. ಕಾರ್ಖಾನೆಯ ಲೋಡಿನಲ್ಲಿ ತಿಂಗಳು, ಎರಡು ತಿಂಗಳು ಎಳೆಯುತ್ತದೆ. ರಿಟರ್ನ್ ಲೋಡ್ ಸಿಗದಿದ್ದರೆ ವಾಪಸ್ ಬರುವ ಡೀಸೆಲ್ಲೂ ಮೈಮೇಲೆ. ಫೈನಾನ್ಸ್ ಕಂತು ಮಾತ್ರ ಗೊತ್ತಾದ ತಾರೀಖಿಗೆ ಖಾತೆಯಿಂದ ಹೋಗಲೇಬೇಕು.

ಹೊಸಬನನ್ನು ಮುಳುಗಿಸುವುದು ಈ ಎರಡು ತಾರೀಖುಗಳ ನಡುವಿನ ಅಂತರ. ಹತ್ತು ಗಾಡಿಯವನು ಒಂದರ ದುಡ್ಡಿನಲ್ಲಿ ಇನ್ನೊಂದರ ಕಂತು ಕಟ್ಟಿ ದಾಟುತ್ತಾನೆ; ಒಂದೇ ಗಾಡಿಯವನು ಬಡ್ಡಿಗೆ ಕೈಸಾಲ ಮಾಡುತ್ತಾನೆ, ಇಲ್ಲವೇ ಓವರ್‌ಲೋಡ್ ಹಾಕುತ್ತಾನೆ. ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಟೈರು, ಸ್ಪ್ರಿಂಗ್ ಪ್ಲೇಟು ಹಾಳಾಗುವುದು ಬೇರೆ. ಇದರ ಮೇಲೆ 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು. ಲಾರಿ ಮಾಲೀಕರು ಮುಷ್ಕರ ಹೂಡಿದರು. ಡೀಸೆಲ್ ಏರಿದಷ್ಟೂ ಬಾಡಿಗೆ ಏರಿಸಿ ಕೇಳುವ ಶಕ್ತಿ ಒಂಟಿ ಮಾಲೀಕನಿಗೆ ಎಲ್ಲಿದೆ?

ಒಂದೇ ಸರಕನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ ತೋರಿಸಿದೆ. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಯ ಸುತ್ತ ಹೊಲ ಅಡವಿಟ್ಟು ಲಾರಿ ಇಳಿಸಿದವರಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. ಮರು ವರ್ಷ ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಕ್ರಮ ಗಣಿಗಾರಿಕೆಗೆ ಆ ಕ್ರಮ ಬೇಕೇ ಇತ್ತು. ಆದರೆ ಅಕ್ರಮದ ಲಾಭ ಉಂಡವರು ಬೇರೆ, ರಸ್ತೆ ಬದಿ ನಿಂತು ತುಕ್ಕು ಹಿಡಿದ ಲಾರಿಗಳ ಕಂತು ಕಟ್ಟಿದವರು ಬೇರೆ. ಗಣಿಗಳು ಮತ್ತೆ ಭಾಗಶಃ ತೆರೆಯುವವರೆಗೆ ಕಾಯುವ ತಾಳ್ಮೆ ಯಾವ ಫೈನಾನ್ಸ್ ಕಂಪನಿಗೂ ಇರಲಿಲ್ಲ.

ಪರಿಹಾರದ ಒಂದು ದಾರಿ ಕಾನೂನಿನಲ್ಲೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆದಾರನ ಬಿಲ್ಲನ್ನು 45 ದಿನಗಳೊಳಗೆ ಪಾವತಿಸಬೇಕು, ತಡವಾದರೆ ಚಕ್ರಬಡ್ಡಿ. ನೋಂದಣಿಗೆ ಶುಲ್ಕವಿಲ್ಲ. ತೊಡಕು ಬೇರೆಡೆ ಇದೆ. ಲೋಡು ಸಿಗುವುದು ಏಜೆಂಟನ ಫೋನಿನಲ್ಲಿ, ಹಣ ಬರುವುದು ಸಾಗಣೆ ಕಂಪನಿಯಿಂದ, ಮಾಲು ಮೂರನೆಯವನದು. ಬಾಯಿಮಾತಿನ ವ್ಯವಹಾರದಲ್ಲಿ ಹೊಸಬನ ಹೆಸರಿನ ಬಿಲ್ಲೇ ಹುಟ್ಟುವುದಿಲ್ಲ. ಬಿಲ್ಲಿಲ್ಲದೆ ಯಾರ ಮೇಲೆ ದೂರು ಕೊಡುವುದು? ಕೊಡುವ ಧೈರ್ಯ ಮಾಡಿದರೂ ನಾಳೆಯ ಲೋಡು ತಪ್ಪುವ ಭಯ.

ನಿಗಮಗಳು ಗಾಡಿಯ ಬೀಗದ ಕೈ ಕೊಟ್ಟು ಫೋಟೊ ತೆಗೆಸಿಕೊಂಡಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು. ಸಹಾಯಧನದಲ್ಲಿ ಒಂದು ಪಾಲನ್ನು ಮೊದಲ ಆರು ತಿಂಗಳ ದುಡಿಮೆ ಬಂಡವಾಳಕ್ಕೆ ಮೀಸಲಿಡಲಿ. ಪಡಿತರ, ಗೊಬ್ಬರ, ಪಠ್ಯಪುಸ್ತಕಗಳ ಸಾಗಣೆಯಲ್ಲಿ ಸ್ವಲ್ಪ ಭಾಗವನ್ನು ಒಂದೇ ಗಾಡಿಯ ಮಾಲೀಕರಿಗೆ ನೇರವಾಗಿ, ಲಿಖಿತ ಒಪ್ಪಂದದೊಂದಿಗೆ ಕೊಡಲಿ.

ಗಾಡಿ ಇಳಿಸುವ ಆಸೆಯಲ್ಲಿರುವ ತರುಣರಿಗೆ ಒಂದು ಮಾತು. ಮೊದಲು ಬೇರೆಯವರ ಗಾಡಿಯಲ್ಲಿ ದುಡಿದು, ಹೋಗುವ ಲೋಡೂ ಬರುವ ಲೋಡೂ ಇರುವ ಒಂದು ರೂಟ್ ಕಂಡುಕೊಳ್ಳಿ. ಮೂರು ಕಂತಿನಷ್ಟು ಹಣ ಬೇರೆ ತೆಗೆದಿಡಲು ಆಗದಿದ್ದರೆ ಈ ವರ್ಷ ಗಾಡಿ ಇಳಿಸಬೇಡಿ.