ಫಾರ್ಮ್ಯಾಟ್ ಹೊಡೆದುಬಿಡಿ ಅನ್ನುವ ಮಹಾನುಭಾವರಿಗೆ

ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಒಂದು ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಬೂಟ್ ಆಗ್ತಿಲ್ವಾ ಸಾರ್? ಫಾರ್ಮ್ಯಾಟ್ ಹೊಡೆದುಬಿಡೋಣ." ಹೊಟ್ಟೆನೋವು ಅಂತ ಹೋದವನ ನಾಡಿಯನ್ನೂ ಮುಟ್ಟದೆ "ಕೊಯ್ದುಬಿಡೋಣ" ಅನ್ನುವ ಡಾಕ್ಟರ್ ಸಿಕ್ಕಿದರೆ ನಾವು ಎದ್ದು ಬರುತ್ತೇವೆ. ಇಲ್ಲಿ ಮಾತ್ರ "ಆಗಲಿ, ಎಷ್ಟಾಗುತ್ತೆ?" ಅಂತ ಕೇಳುತ್ತೇವೆ.

ಎಲ್ಲ ಫಾರ್ಮ್ಯಾಟಿನ ಮೇಲೂ ನನಗೆ ಸಿಟ್ಟಿಲ್ಲ. ವೈರಸ್ಸು ಬಡಿದು ಹಾಳಾದ ಗಣಕ, ಅರ್ಧಕ್ಕೇ ಕೆಟ್ಟುಹೋದ ಬ್ಯಾಕಪ್ಪು, ಇಂಥವಕ್ಕೆ ಅದೇ ಸರಿಯಾದ ಮದ್ದು. ನಾನು ಹೇಳುತ್ತಿರುವುದು ಒಂದು ನಿರ್ದಿಷ್ಟ ಸಂದರ್ಭ. ಹಳೇ ಡಿಸ್ಕು ಕಟಕಟ ಸದ್ದು ಮಾಡುತ್ತಿತ್ತು. ಮುನ್ನೆಚ್ಚರಿಕೆಯಿಂದ ಬ್ಯಾಕಪ್ ತೆಗೆದಿರಿ. ಹೊಸ ಎಸ್‌ಎಸ್‌ಡಿ ತಂದು ಅದರ ಮೇಲೆ ರೀಸ್ಟೋರ್ ಮಾಡಿದಿರಿ. ತಂತ್ರಾಂಶ ಹಸಿರು ಟಿಕ್ ಹಾಕಿ "ಯಶಸ್ವಿ" ಅಂದಿತು. ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ. ಮಾಡಬೇಕಾದ್ದನ್ನೆಲ್ಲ ಮಾಡಿದ ಮನುಷ್ಯನಿಗೆ, ಆ ಹೊತ್ತಿನಲ್ಲಿ, "ಎಲ್ಲ ಅಳಿಸಿ ಹೊಸದಾಗಿ ಹಾಕೋಣ" ಅನ್ನುವುದು ರಿಪೇರಿ ಅಲ್ಲ ಸ್ವಾಮಿ. ಸೋಮಾರಿತನ.

ಯಾಕೆಂದರೆ ಅಂಥ ಡಿಸ್ಕಿನಲ್ಲಿ ಸಾಮಾನ್ಯವಾಗಿ ಏನೂ ಕಳೆದುಹೋಗಿರುವುದಿಲ್ಲ. ಬೇಕಿದ್ದರೆ ಅದನ್ನು ಬಿಚ್ಚಿ, ಯುಎಸ್‌ಬಿ ಕೇಸಿನಲ್ಲಿ ಹಾಕಿ, ಇನ್ನೊಂದು ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ. ಮಗುವಿನ ನಾಮಕರಣದ ಫೋಟೋ, ಅರ್ಧ ಬರೆದಿಟ್ಟ ಕಥೆಗಳು, ಆದಾಯ ತೆರಿಗೆಯ ಕಾಗದ ಎಲ್ಲ ಇದ್ದಲ್ಲೇ ಇರುತ್ತವೆ. ವಿಂಡೋಸ್ ಫೋಲ್ಡರೂ ಇಡಿಯಾಗಿ ಇರುತ್ತದೆ. ಮನೆ ಬದಲಾಯಿಸಿದ್ದೀರಿ, ಲಾರಿಯಿಂದ ಸಾಮಾನೆಲ್ಲ ಇಳಿದಿದೆ, ಪೋಸ್ಟ್‌ಮ್ಯಾನಿಗೆ ಮಾತ್ರ ಹೊಸ ವಿಳಾಸ ಗೊತ್ತಿಲ್ಲ. ಅದಕ್ಕೆ ಯಾರಾದರೂ ಹೊಸ ಮನೆಗೆ ಬೆಂಕಿ ಇಡುತ್ತಾರಾ?

ಈ ವಿಳಾಸದ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಜಾರಾದರೆ ಒಂದೆರಡು ಪ್ಯಾರಾ ಹಾರಿಸಿಕೊಂಡು ಹೋಗಿ, ಜಗಳ ಮುಂದೆಯೂ ಇದೆ.

ಹಳೇ ಕಾಲದ ಬಯೋಸ್ ಗಣಕಗಳಲ್ಲಿ ಎಲ್ಲವೂ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಿಂದ ಶುರು. ಅದಕ್ಕೆ ಎಂಬಿಆರ್ ಅಂತ ಹೆಸರು. ಅದರಲ್ಲಿ 446 ಬೈಟು ಗಣಕವನ್ನು ಎಬ್ಬಿಸುವ ಪುಟಾಣಿ ಪ್ರೋಗ್ರಾಮಿಗೆ ಮತ್ತು ಡಿಸ್ಕಿನ ಗುರುತಿನ ಸಂಖ್ಯೆಗೆ, 64 ಬೈಟು ಡಿಸ್ಕಿನ ಪಾಲು ಪಟ್ಟಿಗೆ (16 ಬೈಟಿನ ನಾಲ್ಕು ಸಾಲು, ಅಷ್ಟೇ), ಕೊನೆಯ 2 ಬೈಟು ಮುದ್ರೆಗೆ. ಇದು ಯಾವ ಫೋಲ್ಡರಿನಲ್ಲೂ ಇರುವ ಕಡತ ಅಲ್ಲ. ಹಾಗಾಗಿ ಕಡತಗಳನ್ನಷ್ಟೇ ನಕಲು ಮಾಡುವ ಬ್ಯಾಕಪ್ಪಿನಲ್ಲಿ ಇದು ಬರುವುದೇ ಇಲ್ಲ. ಸಾಲದ್ದಕ್ಕೆ ವಿಂಡೋಸ್ 7 ತನ್ನನ್ನು ಎಬ್ಬಿಸುವ ಕಡತಗಳನ್ನು ಸಿ ಡ್ರೈವಿನಲ್ಲಿ ಇಡದೆ, 'ಸಿಸ್ಟಮ್ ರಿಸರ್ವ್ಡ್' ಅನ್ನುವ 100 ಎಂಬಿಯ ಬೇರೊಂದು ಪಾಲಿನಲ್ಲಿ ಇಡುತ್ತಿತ್ತು. ಆ ಪಾಲಿಗೆ ಡ್ರೈವ್ ಅಕ್ಷರವೂ ಇಲ್ಲ, 'ಮೈ ಕಂಪ್ಯೂಟರ್' ತೆರೆದರೆ ಕಾಣುವುದೂ ಇಲ್ಲ. "ಸಿ ಡ್ರೈವ್ ಪೂರ್ತಿ ಬ್ಯಾಕಪ್ ಮಾಡಿದೀನಿ" ಅನ್ನುವವರು ನೂರಕ್ಕೆ ನೂರು ನಿಜ ಹೇಳುತ್ತಿರುತ್ತಾರೆ. ಬೀಗದ ಕೈ ಮಾತ್ರ ಪಕ್ಕದ ಕೋಣೆಯಲ್ಲಿ ಉಳಿದಿರುತ್ತದೆ.

ಈಗಿನ ಯುಇಎಫ್‌ಐ ಗಣಕಗಳಲ್ಲಿ ವ್ಯವಸ್ಥೆ ಬೇರೆ, ಗೋಳು ಅದೇ. ಇಲ್ಲೂ ಇಎಫ್‌ಐ ಪಾರ್ಟಿಶನ್ ಅನ್ನುವ ಒಂದು ಸಣ್ಣ ಗುಪ್ತ ಪಾಲು ಇರುತ್ತದೆ. ಜೊತೆಗೆ ಮದರ್‌ಬೋರ್ಡಿನ ಸ್ವಂತ ನೆನಪಿನಲ್ಲೂ ಒಂದು ಚೀಟಿ ಇರುತ್ತದೆ: ಇಂಥ ಸಂಖ್ಯೆಯ ಪಾಲಿಗೆ ಹೋಗು, ಇಂಥ ಕಡತವನ್ನು ಎಬ್ಬಿಸು ಅಂತ. ಹೊಸ ಡಿಸ್ಕಿನಲ್ಲಿ ಪಾಲನ್ನು ಹೊಸದಾಗಿ ಮಾಡಿದರೆ ಅದರ ಸಂಖ್ಯೆಯೂ ಹೊಸದು. ಚೀಟಿಯಲ್ಲಿ ಇರುವುದು ಹಳೆಯದು. ಡಿಸ್ಕಿನ ಒಳಗೆ ವಿಂಡೋಸ್ ಇಟ್ಟುಕೊಳ್ಳುವ ಬಿಸಿಡಿ ಅನ್ನುವ ದಫ್ತರದಲ್ಲೂ ಹಳೇ ಸಂಖ್ಯೆಯೇ. ಪಾಪ, ಅದು ಸತ್ತ ಡಿಸ್ಕನ್ನು ಹುಡುಕಿಕೊಂಡು ಹೋಗಿ, "ಬೇಕಾದ ಸಾಧನ ಜೋಡಿಸಿಲ್ಲ" ಅಂತ ನೀಲಿ ಪರದೆ ತೋರಿಸುತ್ತದೆ.

ಲಿನಕ್ಸ್ ಬಳಸುವವರು ಇದನ್ನು ಓದಿ ಮೀಸೆ ತಿರುವಬೇಕಾಗಿಲ್ಲ. ಆರ್‌ಸಿಂಕ್ ಹಾಕಿ ಎಲ್ಲ ಕಡತ ಹೊಸ ಡಿಸ್ಕಿಗೆ ಸುರಿದು, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೇ ಯುಯುಐಡಿ ಹಾಗೇ ಬಿಟ್ಟರೆ, ಸಿಸ್ಟಮ್‌ಡಿ ಮಹಾಶಯ ಒಂದೂವರೆ ನಿಮಿಷ ಆ ಇಲ್ಲದ ಡಿಸ್ಕಿಗಾಗಿ ಕಾದು, ಕೊನೆಗೆ ಎಮರ್ಜೆನ್ಸಿ ಮೋಡಿಗೆ ತಂದು ನಿಲ್ಲಿಸುತ್ತಾನೆ. ಅದೂ ಗ್ರಬ್ ಹೇಗೋ ಎದ್ದಿದ್ದರೆ. ಲೈವ್ ಯುಎಸ್‌ಬಿಯಿಂದ ಶುರು ಮಾಡಿ, ಬಿಎಲ್‌ಕೆಐಡಿ ಕೊಟ್ಟು ಹೊಸ ಸಂಖ್ಯೆ ನೋಡಿ, ಎಫ್‌ಎಸ್‌ಟ್ಯಾಬ್ ತಿದ್ದಿ, ಕ್ರೂಟ್ ಆಗಿ ಗ್ರಬ್ ಮತ್ತು ಇನಿಟ್‌ರ್‍ಯಾಮ್‌ಎಫ್‌ಎಸ್ ಎರಡನ್ನೂ ಮತ್ತೆ ಕಟ್ಟಿದರೆ ಮುಗಿಯಿತು.

ಇಷ್ಟೆಲ್ಲ ಯಾಕೆ ಕೊರೆದೆ ಅಂದರೆ, ಎಲ್ಲಿ ನಿಂತಿದೆ ಅನ್ನುವುದನ್ನು ಗಣಕವೇ ಬಾಯಿಬಿಟ್ಟು ಹೇಳುತ್ತಿರುತ್ತದೆ. ಪರದೆಯ ಮೇಲಿನ ಆ ಒಂದು ಸಾಲು ಓದುವ ವ್ಯವಧಾನ ನಮ್ಮ ಫಾರ್ಮ್ಯಾಟ್ ವೀರರಿಗೆ ಇರುವುದಿಲ್ಲ.

ನಮ್ಮೂರ ಕಡೆ ಒಂದು ಸಣ್ಣ ಪ್ರೆಸ್ಸು. ಯಜಮಾನರು ದೂರದ ಸಂಬಂಧ, ಚಿಕ್ಕಪ್ಪ ಅಂತಲೇ ಕರೆಯುವುದು. ಮದುವೆ ಕರೆಯೋಲೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಸಹಕಾರಿ ಸಂಘದ ವಾರ್ಷಿಕ ವರದಿ, ಇವೇ ಅವರ ಕೆಲಸ. ಗಣಕ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ, ನನಗೂ ಗೊತ್ತು, ಅದಕ್ಕೇ ಆ ಗಣಕಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಒಳಗಿರುವುದು ಪೇಜ್‌ಮೇಕರ್ 7.0, ಬಂದದ್ದು 2001ರಲ್ಲಿ, ಆಮೇಲೆ ಅದರ ದೊಡ್ಡ ಆವೃತ್ತಿ ಬರಲೇ ಇಲ್ಲ. ಅದರ ಮೇಲೆ ಯುನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳು. ಈ ಫಾಂಟುಗಳ ಗುಟ್ಟು ನಮಗೆಲ್ಲ ಗೊತ್ತಿದ್ದದ್ದೇ: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಹೋದರೆ "ಶ್ರೀಮತಿ ಮತ್ತು ಶ್ರೀ" ಇದ್ದಲ್ಲಿ ದೆವ್ವ ಬರೆದಂಥ ಚಿಹ್ನೆಗಳು ಮಾತ್ರ ಉಳಿಯುತ್ತವೆ.

ವೈಶಾಖದ ಮದುವೆ ಸೀಸನ್ನಿನಲ್ಲೇ ಡಿಸ್ಕು ಕೈಕೊಡುವ ಲಕ್ಷಣ ತೋರಿಸಿತು. ಪೇಟೆಯ ಅಂಗಡಿಯವರು ಸಿ ಡ್ರೈವಿನ ಇಮೇಜ್ ತೆಗೆದು ಹೊಸ ಎಸ್‌ಎಸ್‌ಡಿಗೆ ಹಾಕಿದರು. ಏಳಲಿಲ್ಲ. ಚಿಕ್ಕಪ್ಪ ಫೋನ್ ಮಾಡಿದರು. "ಎಂತ ಮಾಡದು ಮಾರಾಯ, ಪೂರಾ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹನ್ನೊಂದು ಹಾಕಬೇಕಂತೆ. ಫೈಲೆಲ್ಲ ಕಾಪಿ ಮಾಡಿ ಕೊಡ್ತ್ರಂತೆ."

ಫೈಲ್ ಕಾಪಿ ಮಾಡಿಕೊಡುತ್ತಾರಂತೆ! ಪೇಜ್‌ಮೇಕರ್ ಸಿಡಿ ಎಲ್ಲಿಂದ ತರುತ್ತಾರೆ? ಆ ಫಾಂಟು ಪ್ಯಾಕೇಜ್ ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಹಳೇ ಪ್ರಿಂಟರಿಗೆ ಡ್ರೈವರ್ ಯಾರು ಕೊಡುತ್ತಾರೆ? ವರ್ಷಗಟ್ಟಲೆ ಕೂಡಿಟ್ಟ ಕರೆಯೋಲೆಯ ಮಾದರಿಗಳನ್ನು ತೆರೆಯುವುದು ಯಾವುದರಲ್ಲಿ? ಬೆಂಗಳೂರಿನಲ್ಲಿ ಕೂತು ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಲ್ಲ ನಮ್ಮಂಥವರಿಗೆ ಫಾರ್ಮ್ಯಾಟ್ ಅಂದರೆ ಒಂದು ಶನಿವಾರ ಹಾಳು, ಅಷ್ಟೇ. ಆ ಮನುಷ್ಯನಿಗೆ ಅದು ಕಸುಬು.

"ಚಿಕ್ಕಪ್ಪಾ, ಪರದೆ ಮೇಲೆ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ" ಅಂದೆ. "ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್" ಅಂತಿದೆ ಅಂದರು.

ಇದಕ್ಕಿಂತ ಸ್ಪಷ್ಟವಾಗಿ ಯಂತ್ರ ಇನ್ನೇನು ಹೇಳಬೇಕು? ಮದರ್‌ಬೋರ್ಡಿಗೆ ಡಿಸ್ಕು ಕಂಡಿದೆ. ಮೊದಲ 512 ಬೈಟು ಸರಿ ಇದೆ. ಸಿ ಪಾಲಿನ ಹೊಸ್ತಿಲವರೆಗೆ ಬಂದು, ಬೂಟ್‌ಎಂಜಿಆರ್ ಅನ್ನುವ ಒಂದೇ ಒಂದು ಕಡತ ಸಿಗದೆ ನಿಂತಿದೆ. ಆ ಕಡತ ಇದ್ದದ್ದು ಮೇಲೆ ಹೇಳಿದ ಗುಪ್ತ ಪಾಲಿನಲ್ಲಿ, ಅಂಗಡಿಯವರು ಇಮೇಜ್ ತೆಗೆಯುವಾಗ ಟಿಕ್ ಹಾಕದೆ ಬಿಟ್ಟದ್ದರಲ್ಲಿ. ಪಿಯುಸಿ ಓದುವ ಅವರ ಮಗಳನ್ನು ಕೀಬೋರ್ಡಿನ ಮುಂದೆ ಕೂರಿಸಿದೆವು. ಹಳೇ ಡಿಸ್ಕನ್ನು ಮೊದಲು ಬಿಚ್ಚಿ ಪಕ್ಕಕ್ಕಿಟ್ಟಳು. ವಿಂಡೋಸ್ 7ರ ಡಿವಿಡಿಯಿಂದ ಶುರು ಮಾಡಿ ಕಮಾಂಡ್ ಪ್ರಾಂಪ್ಟಿಗೆ ಹೋದಳು. ಅಲ್ಲಿ ಸಿ ಅನ್ನುವುದು ನಿಜವಾಗಿ ನಮ್ಮ ಸಿ ಆಗಿರಬೇಕೆಂದಿಲ್ಲ, ಡ್ರೈವ್ ಅಕ್ಷರಗಳು ಅದಲುಬದಲಾಗುತ್ತವೆ. ಹಾಗಾಗಿ ಫೋಲ್ಡರ್ ಪಟ್ಟಿ ತೆಗೆಸಿ ಖಾತ್ರಿ ಮಾಡಿಕೊಂಡೆ. ಆಮೇಲೆ ಬಿಸಿಡಿಬೂಟ್ ಅನ್ನುವ ಆಜ್ಞೆಗೆ ವಿಂಡೋಸ್ ಫೋಲ್ಡರನ್ನು ತೋರಿಸಿ, ಅದೇ ಪಾಲಿನ ಮೇಲೆ ಬೂಟ್ ಕಡತಗಳನ್ನು ಬರೆ ಅಂತ ಒಂದು ಸಾಲು. ಒಂದೇ ಸಾಲು ಕಣ್ರೀ! ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿದ್ದಕ್ಕೇ ಹೆಚ್ಚು ಹೊತ್ತು ಹಿಡಿದದ್ದು. ಗಣಕ ಎದ್ದಿತು, ಕರೆಯೋಲೆ ಅಚ್ಚಾಯಿತು.

ಈಗ ಇನ್ನೊಂದು ಪಂಗಡದವರ ಕಡೆ ತಿರುಗುತ್ತೇನೆ. ಇವರು ಫಾರ್ಮ್ಯಾಟ್ ಅನ್ನುವುದಿಲ್ಲ. ಎಲ್ಲ ತಾಪತ್ರಯಕ್ಕೂ ಒಂದೇ ಮಂತ್ರ ಕೊಡುತ್ತಾರೆ: ಬೂಟ್‌ರೆಕ್, ಅದರಲ್ಲಿ ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್, ಹೀಗೆ ಸಾಲಾಗಿ ಹೊಡೆಯಿರಿ ಅಂತ. ಯುಇಎಫ್‌ಐ ಗಣಕ ಎಂಬಿಆರ್‌ನ ಆ ಪುಟಾಣಿ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಎಣ್ಣೆ ಹಾಕಿದ ಹಾಗೆ. ಫಿಕ್ಸ್‌ಬೂಟ್ ಅಂತೂ ವಿಂಡೋಸ್ 10ರಲ್ಲಿ ಎಷ್ಟೋ ಸಲ "ಅನುಮತಿ ಇಲ್ಲ" ಅಂತ ಮುಖ ತಿರುಗಿಸುತ್ತದೆ. ಅಲ್ಲಿಗೆ ಬಂದ ಬಡಪಾಯಿ ಗಾಬರಿಯಾಗಿ ಡಿಸ್ಕೇ ಕೆಟ್ಟಿದೆ ಅಂದುಕೊಳ್ಳುತ್ತಾನೆ. ಅಲ್ಲಿ ಆಗಬೇಕಾದದ್ದು ಇಎಫ್‌ಐ ಪಾಲು ಇದೆಯೋ ಇಲ್ಲವೋ ನೋಡುವುದು. ಇಲ್ಲದಿದ್ದರೆ ಫ್ಯಾಟ್32ರಲ್ಲಿ ಒಂದನ್ನು ಮಾಡಿ, ಅದಕ್ಕೊಂದು ಅಕ್ಷರ ಕೊಟ್ಟು, ಅದೇ ಬಿಸಿಡಿಬೂಟನ್ನು ಯುಇಎಫ್‌ಐ ಅಂತ ಹೇಳಿ ಓಡಿಸುವುದು. ಹಳೇ ಎಂಬಿಆರ್ ಡಿಸ್ಕಿನ ನಕಲನ್ನು ಯುಇಎಫ್‌ಐ ಮಾತ್ರ ಗೊತ್ತಿರುವ ಹೊಸ ಗಣಕಕ್ಕೆ ಹಾಕಿದ್ದರೆ, ಎಂಬಿಆರ್‌ಟುಜಿಪಿಟಿ ಅನ್ನುವ ಉಪಕರಣ 2017ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿದೆ, ದತ್ತಾಂಶ ಅಳಿಸದೆ ಪರಿವರ್ತಿಸುತ್ತದೆ.

"ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ ನೀಲಿ ಪರದೆ ಬಂದರೆ ರೋಗವೇ ಬೇರೆ. ಅಲ್ಲಿ ಬೂಟ್ ಕಡತಗಳು ತಮ್ಮ ಕೆಲಸ ಮುಗಿಸಿವೆ, ಎದ್ದ ವಿಂಡೋಸಿಗೆ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಸಿಕ್ಕಿಲ್ಲ. ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಹಾರಿದಾಗ, ಬಯೋಸಿನಲ್ಲಿ ಎಎಚ್‌ಸಿಐ ಇದ್ದದ್ದು ರೇಯ್ಡ್ ಆದಾಗ ಹೀಗಾಗುತ್ತದೆ. ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿದರೆ ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಇದಕ್ಕೆ ನೂರು ಸಲ ಫಿಕ್ಸ್‌ಎಂಬಿಆರ್ ಹೊಡೆದರೂ ಅಷ್ಟೇ.

"ನಿಮಗೇನು, ಬರೆಯುತ್ತೀರಿ. ಅಂಗಡಿಯವನಿಗೆ ದಿನಕ್ಕೆ ಹತ್ತು ಗಣಕ ಬರುತ್ತೆ, ಒಂದೊಂದಕ್ಕೂ ಪತ್ತೇದಾರಿ ಮಾಡ್ತಾ ಕೂತರೆ ಬಾಡಿಗೆ ಕಟ್ಟೋದು ಹೇಗೆ?" ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಫಾರ್ಮ್ಯಾಟಿಗೆ ಇಷ್ಟು ಅಂತ ದರ ಗೊತ್ತಿದೆ, ಯೋಚನೆ ಮಾಡುವುದಕ್ಕೆ ದರಪಟ್ಟಿ ಇಲ್ಲ, ಗಿರಾಕಿಯೂ ಅದಕ್ಕೆ ಕಾಸು ಬಿಚ್ಚುವುದಿಲ್ಲ. ಒಪ್ಪಿದೆ. ಆದರೆ ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಅಪ್‌ಡೇಟ್ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದಲ್ಲ, ಅದಕ್ಕೆ ಮುಂಚೆ ಹದಿನೈದು ನಿಮಿಷ ಪರದೆ ಓದಲು ಕೊಟ್ಟರೆ ಯಾರ ಬಾಡಿಗೆಯೂ ಮುಳುಗುವುದಿಲ್ಲ. ಅಷ್ಟೂ ಆಗದಿದ್ದರೆ "ನನಗೆ ಇದು ಗೊತ್ತಿಲ್ಲ, ಬೇರೆ ಕಡೆ ತೋರಿಸಿ" ಅನ್ನಲಿ. ಗೊತ್ತಿಲ್ಲದ್ದನ್ನು "ಹಾಳಾಗಿದೆ" ಅಂತ ಹೇಳುವುದಕ್ಕೆ ನನ್ನ ತಕರಾರು.

ಅಂಗಡಿಯವರಿಗಿಂತ ದೊಡ್ಡ ತಕರಾರು ಆ ಹಸಿರು ಟಿಕ್ಕಿನ ಮೇಲೆ. ಬ್ಯಾಕಪ್ ತಂತ್ರಾಂಶ ಬರೆಯುವವರು ನಮ್ಮದೇ ಜಾತಿಯವರು, ಇಂಜಿನಿಯರಿಂಗ್ ಓದಿದವರು. ಇಮೇಜಿನಲ್ಲಿ ಬೂಟ್ ಪಾಲು ಇಲ್ಲ ಅನ್ನುವುದು ಪ್ರೋಗ್ರಾಮಿಗೆ ಗೊತ್ತಾಗದ ವಿಷಯವೇ? ಡಿಸ್ಕಿನ ಪಾಲು ಪಟ್ಟಿಯನ್ನು ಓದಿಯೇ ಅದು ಕೆಲಸ ಶುರು ಮಾಡುವುದು. "ನೀವು ಆರಿಸಿದ ಪಾಲು ಒಂದರಿಂದಲೇ ಈ ಗಣಕ ಏಳುವುದಿಲ್ಲ" ಅಂತ ಒಂದು ಸಾಲು ಬ್ಯಾಕಪ್ ತೆಗೆಯುವ ದಿನವೇ ತೋರಿಸಲಿ. ರೀಸ್ಟೋರ್ ಮುಗಿದ ಮೇಲೆ ಬಿಸಿಡಿಯಲ್ಲಿರುವ ಸಂಖ್ಯೆಯೂ ಹೊಸ ಡಿಸ್ಕಿನ ಸಂಖ್ಯೆಯೂ ಒಂದೇನಾ ಅಂತ ನೋಡಿ ಆಮೇಲೆ "ಯಶಸ್ವಿ" ಅನ್ನಲಿ. ಕೆಲವು ಒಳ್ಳೆಯ ತಂತ್ರಾಂಶಗಳು ಬೂಟ್ ಸರಿಪಡಿಸುವ ಗುಂಡಿಯನ್ನು ಜೊತೆಗೇ ಕೊಡುತ್ತವೆ, ಅಂದರೆ ಮಾಡಲಾಗದ ಕೆಲಸ ಅಲ್ಲ. ನಕಲು ಮುಗಿದದ್ದನ್ನೇ ಕೆಲಸ ಮುಗಿದದ್ದು ಅಂತ ಸಾರುವ ಉಳಿದವರಿಗೆ ಏನನ್ನಬೇಕೋ.

ಕನ್ನಡದಲ್ಲಿ ಬರೆದು ಬರೆದು ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟುಕೊಂಡಿರುವ ನಿಮಗೆಲ್ಲ ಒಂದು ಮಾತು. ನಿಮ್ಮ ಬ್ಯಾಕಪ್ ಇಮೇಜನ್ನು ಒಮ್ಮೆ ತೆರೆದು, ಒಳಗೆ ಎಷ್ಟು ಪಾಲುಗಳಿವೆ ಎಣಿಸಿ. ಸಿ ಒಂದೇ ಇದ್ದರೆ ಇವತ್ತೇ ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಅದೇ ಲ್ಯಾಪ್‌ಟಾಪಿನಲ್ಲಿ ಅಲ್ಲ. ಹೊಸ ಡಿಸ್ಕು ಮೊದಲ ಸಲ ಏಳುವಾಗ ಹಳೆಯದು ಜೋಡಿಸಿರಬಾರದು. ನಕಲು ಯಥಾವತ್ತಾಗಿದ್ದರೆ ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಇರುತ್ತದೆ, ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಹೊಸದು ಎದ್ದು ಒಂದು ತಿಂಗಳು ನೆಟ್ಟಗೆ ಓಡುವ ತನಕ ಆ ಹಳೇ ಡಿಸ್ಕನ್ನು ಅಂಗಡಿಯವನ ಕೈಗೆ ಕೊಡಬೇಡಿ. "ಎಕ್ಸ್‌ಚೇಂಜಿಗೆ ಇನ್ನೂರು ಕಡಿಮೆ ಮಾಡ್ತೀನಿ ಸಾರ್" ಅಂತ ಕೇಳಿಯೇ ಕೇಳುತ್ತಾನೆ.