ಪರದೇಶಿ ಆಟವೂ ಐರ್ಲೆಂಡಿನ ಪಾಠವೂ

ಡಬ್ಲಿನ್ ನಗರದ ಅಂಚಿನಲ್ಲಿರುವ ಅಬಟ್ಸ್‌ಟೌನಿನಲ್ಲಿ ಕ್ರಿಕೆಟ್ಟಿಗೆಂದೇ ಒಂದು ರಾಷ್ಟ್ರೀಯ ಕ್ರೀಡಾಂಗಣವನ್ನು ಕಟ್ಟಿಸಲು ಐರ್ಲೆಂಡಿನ ಸರಕಾರವು 2024ರಲ್ಲಿ ಒಪ್ಪಿತು. 2030ರ ಇಪ್ಪತ್ತು ಓವರುಗಳ ವಿಶ್ವಕಪ್ ಪಂದ್ಯಗಳನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳೊಡನೆ ಸೇರಿ ನಡೆಯಿಸುವ ಹೊಣೆ ಆ ದೇಶದ ಮೇಲೆ ಬಿದ್ದಿರುವುದೇ ಇದಕ್ಕೆ ಪ್ರೇರಣೆ. ವಾರ್ತೆ ಸಣ್ಣದು, ಅದರ ಹಿಂದಿರುವ ಚರಿತ್ರೆ ಸಣ್ಣದಲ್ಲ. ಅದೇ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಹರ್ಲಿಂಗ್ ಮತ್ತು ಗೇಲಿಕ್ ಕಾಲ್ಚೆಂಡಿನ ಆಟಗಳನ್ನು ನೋಡಲು 82 ಸಾವಿರಕ್ಕೂ ಮಿಕ್ಕ ಜನರಿಗೆ ಸ್ಥಳವುಂಟು. ಆದರೆ 1792ರಲ್ಲಿಯೇ ಫೀನಿಕ್ಸ್ ಪಾರ್ಕಿನಲ್ಲಿ ನಡೆದ ದಾಖಲೆಯುಳ್ಳ ಕ್ರಿಕೆಟ್ಟು, ದೊಡ್ಡ ಪಂದ್ಯ ಬಂದಾಗಲೆಲ್ಲ ಯಾವುದಾದರೊಂದು ಸಂಘದ ಬಯಲನ್ನು ಆಶ್ರಯಿಸಿ, ತಾತ್ಕಾಲಿಕ ಆಸನಗಳನ್ನು ಕಟ್ಟಿ ಬಿಚ್ಚುತ್ತ ಬಂದಿದೆ. ಹೀಗೇಕಾಯಿತೆಂಬುದನ್ನು ವಿಚಾರಿಸುವುದು ನಮಗೂ ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

ಕ್ರಿಕೆಟ್ಟು ಐರ್ಲೆಂಡಿಗೆ ಬಂದುದು ಆಂಗ್ಲರ ದಂಡಿನೊಡನೆ, ಜಮೀನ್ದಾರರ ಬಂಗಲೆಗಳ ಮೂಲಕ. ಆದರೆ ಅದು ಅಲ್ಲಿಯೇ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಟಿಪ್ಪೆರರಿ, ಕಿಲ್ಕೆನ್ನಿ ಮೊದಲಾದ ಪ್ರಾಂತಗಳಲ್ಲಿ ಒಕ್ಕಲು ಮಕ್ಕಳೂ ಕೂಲಿಯಾಳುಗಳೂ ಅದನ್ನು ಆಡತೊಡಗಿದ್ದರು. ಸ್ವರಾಜ್ಯಕ್ಕಾಗಿ ಆಂಗ್ಲ ಪಾರ್ಲಿಮೆಂಟನ್ನೇ ನಡುಗಿಸಿದ ಪಾರ್ನೆಲ್ ಮಹಾಶಯರು ವಿಕ್ಲೋ ಪ್ರಾಂತದ ಕ್ರಿಕೆಟ್ ತಂಡದ ನಾಯಕರಾಗಿದ್ದರೆಂಬುದನ್ನು ಅನೇಕರು ಅರಿಯರು. ಆದುದರಿಂದ, ಈ ಆಟವನ್ನು ಆಡಿದವರೆಲ್ಲರೂ ಆಂಗ್ಲರ ದಾಸರೆಂಬ ಮಾತು ಮೊದಲಿನಿಂದಲೂ ನಿಜವಾಗಿರಲಿಲ್ಲ.

1879ರಲ್ಲಿ ಭೂಮಿಯ ಹೋರಾಟವು ಆರಂಭವಾಯಿತು. ಗೇಣಿಯ ಭಾರದಿಂದ ನೊಂದ ರೈತರು ಜಮೀನ್ದಾರರಿಗೆ ಎದುರುನಿಂತರು. ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರಿ ಅಧಿಕಾರಿಯೊಡನೆ ಸಕಲ ವ್ಯವಹಾರವನ್ನೂ ನಿಲ್ಲಿಸಿ, ಅವನ ಹೆಸರನ್ನೇ ಬಹಿಷ್ಕಾರಕ್ಕೆ ಪರ್ಯಾಯಪದವನ್ನಾಗಿ ಜಗತ್ತಿಗೆ ಕೊಟ್ಟದ್ದು 1880ರಲ್ಲಿ. ಯಾರ ವಿರುದ್ಧ ಹೊಲದಲ್ಲಿ ಹೋರಾಟವೋ ಅವರದೇ ಹುಲ್ಲುಗಾವಲಿನಲ್ಲಿ ಭಾನುವಾರ ಚೆಂಡಾಡುವುದು ಹೇಗೆ? ಆಟಕ್ಕೆ ಬಯಲನ್ನೂ ಬ್ಯಾಟನ್ನೂ ಒದಗಿಸುತ್ತಿದ್ದ ಒಡೆಯರು ಹಿಂದೆಗೆದರು. ಅನೇಕ ಸಂಘಗಳು ತಾವಾಗಿಯೇ ಮುಚ್ಚಿದವು.

ಈ ಶೂನ್ಯವನ್ನು ತುಂಬಿದ್ದು 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಸಂಘ. ಅದರ ಸ್ಥಾಪಕರಾದ ಮೈಕೆಲ್ ಕ್ಯೂಸಾಕರು ತಾವೇ ಹಿಂದೆ ಕ್ರಿಕೆಟ್ ಆಡಿದವರು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್ಚ್‌ಬಿಷಪ್ ಕ್ರೋಕರು ಬರೆದ ಪತ್ರವೊಂದು, ಪರದೇಶಿ ಆಟಗಳಿಗೆ ಮರುಳಾಗಿ ಸ್ವದೇಶದ ಆಟಗಳನ್ನು ಮರೆತ ತಮ್ಮ ಜನರನ್ನು ಕಟುವಾಗಿ ಎಚ್ಚರಿಸಿತು. ಸ್ವದೇಶೀ ವ್ರತವನ್ನು ಕಂಡ ನಮ್ಮ ಜನರಿಗೆ ಈ ಭಾವನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಊರೂರಿಗೆ ಒಂದು ಸಂಘ, ಸಂಬಳವಿಲ್ಲದ ಆಟಗಾರ, ತನ್ನ ಊರಿಗಾಗಿಯೇ ಆಡಬೇಕೆಂಬ ನಿಷ್ಠೆ, ಇವುಗಳ ಬಲದಿಂದ ಆ ಸಂಸ್ಥೆಯು ಕಟ್ಟಿದ್ದು ಆಟವನ್ನು ಮಾತ್ರವಲ್ಲ, ರಾಷ್ಟ್ರವನ್ನು. ಜಲಿಯನ್‌ವಾಲಾ ಬಾಗಿನ ಮರುವರ್ಷ, 1920ರ ನವೆಂಬರ್ 21ರಂದು, ಆಂಗ್ಲರ ಪಡೆಗಳು ಕ್ರೋಕ್ ಪಾರ್ಕಿನಲ್ಲಿ ನೆರೆದಿದ್ದ ಜನರ ಮೇಲೆ ಗುಂಡು ಹಾರಿಸಿ ಹದಿನಾಲ್ವರನ್ನು ಬಲಿ ತೆಗೆದುಕೊಂಡವು. ಆ ನೆಲದ ಮೇಲೆ ಆಟವು ಬರಿಯ ಆಟವಾಗಿ ಉಳಿಯುವುದು ಹೇಗೆ ಸಾಧ್ಯವಿತ್ತು?

ಇಷ್ಟರವರೆಗೆ ನಮ್ಮ ಸಹಾನುಭೂತಿಯೆಲ್ಲವೂ ಅವರ ಕಡೆಗೇ. ಆದರೆ ಸ್ವದೇಶದ ಆಟವನ್ನು ಬೆಳೆಸುವುದು ಒಂದು, ಮತ್ತೊಂದು ಆಟವನ್ನು ಆಡಿದವನನ್ನು ಹೊರಹಾಕುವುದು ಮತ್ತೊಂದು. ಕ್ರಿಕೆಟ್, ರಗ್ಬಿ, ಹಾಕಿ, ಕಾಲ್ಚೆಂಡು ಈ ನಾಲ್ಕರಲ್ಲಿ ಯಾವುದನ್ನು ಆಡಿದರೂ, ನೋಡಲು ಹೋದರೂ ಸದಸ್ಯತ್ವ ರದ್ದೆಂಬ ನಿಬಂಧನೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದೃಢವಾಗಿ ನೆಲೆಗೊಂಡು 1971ರವರೆಗೆ ನಡೆಯಿತು. ಯಾರು ಎಲ್ಲಿ ಯಾವ ಆಟ ನೋಡುತ್ತಿದ್ದಾರೆಂದು ಕಾಯಲು ಜಾಗೃತ ಸಮಿತಿಗಳು ಏರ್ಪಟ್ಟವು. ಗೇಲಿಕ್ ಭಾಷೆಯ ಉದ್ಧಾರಕ್ಕೆ ಜೀವ ತೇದ, ಆ ದೇಶದ ಮೊದಲನೆಯ ಅಧ್ಯಕ್ಷರಾದ ಡಗ್ಲಸ್ ಹೈಡರು 1938ರಲ್ಲಿ ಪೋಲೆಂಡಿನೊಡನೆ ನಡೆದ ಕಾಲ್ಚೆಂಡಿನ ಪಂದ್ಯಕ್ಕೆ ಹೋದ ಮಾತ್ರಕ್ಕೆ ಸಂಘದ ಪೋಷಕಸ್ಥಾನದಿಂದ ತೆಗೆದುಹಾಕಲ್ಪಟ್ಟರು. ಹೈಡರೇ ದೇಶಭಕ್ತರಲ್ಲದಿದ್ದರೆ ಇನ್ನಾರು ದೇಶಭಕ್ತರು? ಇದು ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ.

ಕ್ರಿಕೆಟ್ಟಿನ ಅವನತಿಗೆ ಈ ನಿಷೇಧವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಕಿಲ್ಕೆನ್ನಿಯಲ್ಲಿ 1884ರ ತರುವಾಯವೂ ಹಲವು ವರ್ಷ ಹಳ್ಳಿಹಳ್ಳಿಗಳಲ್ಲಿ ಆಟ ನಡೆದಿತ್ತು. ಜಮೀನ್ದಾರರ ನಿರ್ಗಮನ, ಯುದ್ಧ, 1922ರಲ್ಲಿ ಆಂಗ್ಲ ದಂಡು ಹಿಂದಿರುಗಿದ್ದು, ಇವೆಲ್ಲವೂ ಕಾರಣಗಳೇ. ಆದರೆ ಬಡವನ ಮಗನಿಗೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳೆಂದು ಕಟ್ಟುಮಾಡಿದ್ದರ ಫಲವಾಗಿ, ಕ್ರಿಕೆಟ್ಟು ಕೆಲವೇ ಶಾಲೆಗಳ ಮತ್ತು ಸಿರಿವಂತರ ಸಂಘಗಳ ಸೊತ್ತಾಯಿತು. ಆಂಗ್ಲರ ಆಟವೆಂಬ ಅಪವಾದವನ್ನು ನಿಷೇಧವೇ ನಿಜ ಮಾಡಿತು. ಡಬ್ಲಿನ್ನಿನ ಉತ್ತರಕ್ಕಿರುವ ಫಿಂಗಲ್ ಸೀಮೆಯಲ್ಲಿ ಮಾತ್ರ ತರಕಾರಿ ಬೆಳೆಯುವ ಹಳ್ಳಿಗಳವರು ಈ ಆಟವನ್ನು ತಂದೆಯಿಂದ ಮಗನಿಗೆ ದಾಟಿಸುತ್ತ ಬಂದರು. ಆ ಸೀಮೆಯ ರಷ್ ಎಂಬ ಊರಿನ ಇಯಾನ್ ಮಾರ್ಗನ್ನರು ಬಾಲ್ಯದಲ್ಲಿ ಹರ್ಲಿಂಗನ್ನೂ ಆಡಿದವರು. ಐರ್ಲೆಂಡಿಗೆ ಟೆಸ್ಟ್ ಪದವಿಯಿಲ್ಲದ ಕಾಲದಲ್ಲಿ ಅವರು ಇಂಗ್ಲೆಂಡಿನ ತಂಡವನ್ನು ಸೇರಿ, 2019ರಲ್ಲಿ ಅದರ ನಾಯಕರಾಗಿ ವಿಶ್ವಕಪ್ಪನ್ನು ಗೆದ್ದುಕೊಟ್ಟರು. ಬಿತ್ತಿದವರು ಒಬ್ಬರು, ಬೆಳೆ ಕೊಯ್ದವರು ಮತ್ತೊಬ್ಬರು!

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. 1921ರಲ್ಲಿ ರಾಜಕಾರಣವು ಒಡೆದ ಆ ದ್ವೀಪದಲ್ಲಿ ಕ್ರಿಕೆಟ್ ತಂಡವು ಉತ್ತರ ದಕ್ಷಿಣಗಳೆರಡಕ್ಕೂ ಒಂದೇ ಆಗಿ ಉಳಿಯಿತು. ಪರದೇಶಿಯೆಂದು ದೂರವಿಟ್ಟ ಆಟವೇ ಅಖಂಡ ಐರ್ಲೆಂಡಿನ ಹೆಸರನ್ನು ಹೊತ್ತು ಮೈದಾನಕ್ಕಿಳಿಯಿತು. 1969ರಲ್ಲಿ ಸಯಾನ್ ಮಿಲ್ಸ್ ಎಂಬ ಗ್ರಾಮದಲ್ಲಿ ಆ ತಂಡವು ವೆಸ್ಟ್ ಇಂಡೀಸನ್ನು 25 ಓಟಗಳಿಗೆ ಉರುಳಿಸಿ ಗೆದ್ದಿತು. 2007ರಲ್ಲಿ ಸಂತ ಪ್ಯಾಟ್ರಿಕ್ಕರ ಹಬ್ಬದ ದಿನವೇ ವಿಶ್ವಕಪ್ಪಿನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. 2011ರ ಮಾರ್ಚ್ 2ರ ರಾತ್ರಿಯನ್ನು ನಮ್ಮ ಬೆಂಗಳೂರು ಮರೆತಿರಲಾರದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ 327 ಓಟಗಳನ್ನು ಬೆನ್ನಟ್ಟಿ, 111ಕ್ಕೆ ಐವರನ್ನು ಕಳೆದುಕೊಂಡ ಮೇಲೂ, ಕೆವಿನ್ ಒಬ್ರಿಯನ್ನರ 50 ಚೆಂಡುಗಳ ಶತಕದ ಬಲದಿಂದ ಐರ್ಲೆಂಡ್ ಜಯ ಪಡೆಯಿತು. ಏಳು ಶತಮಾನಗಳ ಒಡೆತನಕ್ಕೆ ಒಡೆಯನ ಆಟದಲ್ಲಿಯೇ ಉತ್ತರ ಹೇಳಿದ ಆ ಹಸಿರು ಅಂಗಿಯವರನ್ನು ಪರದೇಶಿ ಆಟದವರೆಂದು ಇನ್ನಾರು ಕರೆಯಬಲ್ಲರು?

ಆ ದೇಶಕ್ಕೆ 2017ರಲ್ಲಿ ಟೆಸ್ಟ್ ಪದವಿ ದೊರೆಯಿತು. 2018ರಲ್ಲಿ ಮಲಹೈಡಿನಲ್ಲಿ ಮೊದಲ ಟೆಸ್ಟ್. 2024ರಲ್ಲಿ ಅಬುಧಾಬಿಯಲ್ಲಿ ಆಫ್ಘಾನಿಸ್ತಾನದ ಮೇಲೆ ಮೊದಲ ಟೆಸ್ಟ್ ಜಯ. ಆದರೆ ಪದವಿ ಬಂದರೂ ಪಂದ್ಯಗಳು ಬರಲಿಲ್ಲ. 2019ರ ಜುಲೈಯಿಂದ 2023ರ ಏಪ್ರಿಲ್‌ವರೆಗೆ ಅವರಿಗೆ ಒಂದು ಟೆಸ್ಟೂ ಇರಲಿಲ್ಲ. 2024ರಲ್ಲಿ ಹಣದ ಅಭಾವದಿಂದ ಆಸ್ಟ್ರೇಲಿಯದವರ ಭೇಟಿಯನ್ನೇ ಕೈಬಿಡಬೇಕಾಯಿತು.

ಈಗ ಪ್ರಶ್ನೆಯು ನಮ್ಮ ಬಾಗಿಲಿಗೆ ಬರುತ್ತದೆ. ನಾವು ಐರಿಷರಂತೆ ಒಡೆಯನ ಆಟವನ್ನು ತಳ್ಳಲಿಲ್ಲ. ಕಲಿತೆವು, ಗೆದ್ದೆವು, ಕೊನೆಗೆ ಅದರ ಒಡೆಯರಾದೆವು. 1932ರಲ್ಲಿ ಮೊದಲ ಟೆಸ್ಟ್ ಆಡಿದ ನಮಗೆ ಮೊದಲ ಜಯಕ್ಕಾಗಿ 1952ರವರೆಗೆ ಕಾಯಬೇಕಾಯಿತು. ಆಗ ನಮ್ಮನ್ನು ಆಟದಿಂದ ಹೊರಗಿಟ್ಟಿದ್ದರೆ ಇಂದಿನ ವೈಭವವೆಲ್ಲಿ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 2024ರಿಂದ 2027ರವರೆಗಿನ ಹಂಚಿಕೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ಆದಾಯದಿಂದ ಭಾರತಕ್ಕೆ ನೂರಕ್ಕೆ ಸುಮಾರು 38ರಷ್ಟು, ಐರ್ಲೆಂಡಿಗೆ ಸುಮಾರು ಮೂರರಷ್ಟು ಎಂಬುದು ಪ್ರಸಿದ್ಧವಾದ ಲೆಕ್ಕ. ಹಣ ತರುವವನಿಗೆ ಹೆಚ್ಚು ಪಾಲೆಂಬುದು ನ್ಯಾಯವೇ ಇರಬಹುದು. ಆದರೆ 2017ರಿಂದ 2025ರ ಕೊನೆಯವರೆಗೆ ನಮ್ಮ ಪುರುಷರ ತಂಡವು ಅವರೊಡನೆ ಒಂದು ಟೆಸ್ಟನ್ನೂ ಆಡಲಿಲ್ಲವೆಂಬುದಕ್ಕೆ ಯಾವ ನ್ಯಾಯ? 2018, 2022, 2023ರಲ್ಲಿ ಇಪ್ಪತ್ತು ಓವರುಗಳ ಕೆಲವು ಆಟಗಳನ್ನು ಆಡಿ ಬಂದುದು ಸಾಲದು.

ನಮ್ಮ ಅಭಿಪ್ರಾಯವು ಇಷ್ಟೆ. ಆಟಕ್ಕೆ ಹುಟ್ಟೂರು ಉಂಟು, ಆದರೆ ಜಾತಿಯಿಲ್ಲ. ಬಾಗಿಲು ತೆರೆದವರೆಲ್ಲರ ಮನೆಯೂ ಅದರ ಮನೆಯೇ. ಬಾಗಿಲು ಮುಚ್ಚಿ ಐರಿಷರು ಕಳೆದುಕೊಂಡದ್ದನ್ನು ಈಗ ಮರಳಿ ಪಡೆಯಲು ಶ್ರಮಿಸುತ್ತಿದ್ದಾರೆ. ಒಂದು ಕಾಲದಲ್ಲಿ ನಿಬಂಧನೆಯು ಮಾಡಿದ ಕೆಲಸವನ್ನು ಇಂದು ಹಣವು ಮಾಡಕೂಡದು. ಊರೂರಿನಲ್ಲಿ ಸಂಬಳವಿಲ್ಲದೆ ಸ್ವದೇಶದ ಆಟವನ್ನು ಉಳಿಸಿಕೊಳ್ಳುವ ಬಗೆಯನ್ನು ನಾವು ಅವರಿಂದ ಕಲಿಯೋಣ. ಪರರ ಆಟವನ್ನು ನಮ್ಮದಾಗಿ ಮಾಡಿಕೊಳ್ಳುವ ಬಗೆಯನ್ನು ಅವರಿಗೆ ತೋರಿಸೋಣ. ಅದಕ್ಕೆ ಭಾರತದ ತಂಡವನ್ನು ಐದು ದಿನಗಳ ಟೆಸ್ಟ್ ಆಡಲು ಡಬ್ಲಿನ್ನಿಗೆ ಕಳುಹಿಸುವುದೇ ತಕ್ಕ ಆರಂಭ. ನಮ್ಮ ಕ್ರಿಕೆಟ್ಟಿನ ಅಧಿಕಾರಿಗಳು ಇದನ್ನು ವಿಳಂಬವಿಲ್ಲದೆ ಆಲೋಚಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.